ಪ್ರಾಣಾಪಾಯಕ್ಕೆ ಕಾರಣ

ಜನವರಿ ೪

ಅಕ್ಕಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ "ಅಂಗಡೀಲಿ ಜನ ಇದಾರೆ ಕಣೋ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ವೆಲ್ಡಿಂಗ್ ಮಾಡುವ ಕೈ, ಅಕ್ಷರ ಹೇಗಿದ್ದರೂ ಓದಿಕೋ.

ನನಗೆ ಮದುವೆ! ಹುಡುಗಿ ನಮ್ಮ ಬೀದಿಯ ಕೊನೆಯಲ್ಲಿರುವ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಕಣ್ಣಿಗೆ ಕಿಡಿ ಹಾರಿ ತೋರಿಸಲು ಹೋದರೆ, "ಮುಖವಾಡ ಹಾಕ್ಕೊಳ್ಳೋಕೆ ಏನು ರೋಗ ನಿಮಗೆ?" ಅಂತ ಎಲ್ಲರ ಮುಂದೆ ಬೈದಳು. ಅವತ್ತೇ ಬಿದ್ದುಹೋದೆ. ಅವಳ ಕನ್ನಡಕವೂ ದಪ್ಪ ಗಾಜಿನದೇ. ನಾನು ಸೋಡಾಬುಡ್ಡಿ ಅನ್ನುತ್ತೇನೆ, ಅವಳು ನನ್ನನ್ನು ಕಿಡಿ ಅನ್ನುತ್ತಾಳೆ. ನನ್ನ ವೆಲ್ಡಿಂಗ್ ಅಂಗಡಿಯನ್ನೂ ದೊಡ್ಡದು ಮಾಡಿದ್ದೇನೆ. ನೆಲವನ್ನು ರಸ್ತೆಗೆ ಸಮ ಮಾಡಿಸಿ, ಲಾರಿ ನೇರ ಒಳಗೇ ಬರುವ ಹಾಗೆ ಮಾಡಿದ್ದೇನೆ. ಒಂದು ಮೆಟ್ಟಿಲೂ ಇಟ್ಟಿಲ್ಲ. ಬಂದು ನೋಡಿದರೆ ನಿನಗೇ ಹೆಮ್ಮೆಯಾದೀತು.

ಈಗ ತಲೆನೋವಿನ ವಿಷಯ. ಚರ್ಚಿನಲ್ಲಿ ಮದುವೆ ಆಗಬೇಕಾದರೆ ಜ್ಞಾನಸ್ನಾನದ ಪತ್ರ ಬೇಕಂತೆ. ಅಜ್ಜಿಯ ಊರಿನ ಚರ್ಚಿಗೆ ಹೋದೆ. ಅಲ್ಲಿನ ಗುಮಾಸ್ತ ಪುಸ್ತಕ ಹಿಂದೆ ಮುಂದೆ ಮಗುಚಿ ಹಾಕಿ, "ನಿನ್ನ ಹೆಸರೇ ಇಲ್ವಲ್ಲಪ್ಪಾ" ಅಂದ. ಫೋಟೋ ತೋರಿಸಿದೆ. ಬಿಳಿ ಅಂಗಿ ಹಾಕಿಕೊಂಡು ಅಜ್ಜಿಯ ತೊಡೆಯ ಮೇಲೆ ಇದ್ದೇನೆ, ಪಕ್ಕದಲ್ಲಿ ಪಾದ್ರಿ ಮೇಣದಬತ್ತಿ ಹಿಡಿದಿದ್ದಾರೆ. "ಫೋಟೋ ಇಟ್ಕೊಂಡು ಏನ್ಮಾಡ್ಲಿ?" ಅಂದ. ನೆತ್ತಿಗೇರಿತು ನೋಡು. ಅವನು ಕೂತಿದ್ದ ಕಬ್ಬಿಣದ ಕುರ್ಚಿಯನ್ನು ಅವನ ಕೆಳಗಿಂದ ಎಳೆದು ಗೋಡೆಗೆ ಬಡಿದೆ. ಕಾಲು ಮುರಿಯಿತು. ಕುರ್ಚಿಯದು, ಅವನದಲ್ಲ! ಮಾರನೆಯ ದಿನ ನಾನೇ ವೆಲ್ಡ್ ಮಾಡಿಕೊಟ್ಟೆ.

ಅಪ್ಪನನ್ನು ಕೇಳಿದೆ. "ನಿಮ್ಮಕ್ಕನ್ನ ಕೇಳು. ಅವಳಿಗೆ ಗೊತ್ತು" ಅಂತ ಹೇಳಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ನಾನು ಹುಟ್ಟಿದ ಊರಲ್ಲಿ ಉಳಿದವಳು ನೀನೊಬ್ಬಳೇ. ಪತ್ರ ಇಲ್ಲದಿದ್ದರೆ ಮದುವೆ ಇಲ್ಲ. ದಯವಿಟ್ಟು ಹುಡುಕಿಸಿಕೊಡು.

ನಿನ್ನ ತಮ್ಮ

ಜನವರಿ ೧೫

ತಮ್ಮಾ,

ಫೋನಿನಲ್ಲಿ ನೀನು ಕೂಗುತ್ತೀಯ. ಕಾಗದದ ಮೇಲೆ ಕೂಗಬೇಕಾದರೆ ಕೂತು ಬರೆಯಬೇಕು, ಬರೆಯುವಷ್ಟರಲ್ಲಿ ಬುದ್ಧಿ ಬಂದರೂ ಬರಬಹುದು. ಆದ್ದರಿಂದ ಕಾಗದವೇ ಇರಲಿ.

ಮದುವೆಯ ಸುದ್ದಿ ಓದಿ ಖುಷಿಯಾಯಿತು. ಬೈಯುವ ಹುಡುಗಿಯನ್ನೇ ಹುಡುಕಿಕೊಂಡಿದ್ದೀಯ, ಒಳ್ಳೆಯದು. ಅವಳ ಬಾಯಿ ಹಾಗೇ ಇರಲಿ.

ಆ ಗುಮಾಸ್ತ ಪಾಪ, ಅವನದೇನೂ ತಪ್ಪಿಲ್ಲ. ನಿನಗೆ ಜ್ಞಾನಸ್ನಾನ ಆದದ್ದು ಅಜ್ಜಿಯ ಚರ್ಚಿನಲ್ಲಿ ಅಲ್ಲ, ಇಲ್ಲಿನ ಆಸ್ಪತ್ರೆಯಲ್ಲಿ. ಉಳಿಯುವುದಿಲ್ಲ ಅನ್ನುವ ಮಗುವಿಗೆ ಅಲ್ಲೇ ನೀರು ಹಾಕಿಬಿಡುತ್ತಾರೆ. ನೀರು ಒಂದು ಸಲ ಬಿದ್ದರೆ ಮುಗಿಯಿತು, ಎರಡನೆಯ ಸಲ ಹಾಕುವಂತಿಲ್ಲ. ನೀನು ಉಳಿದುಕೊಂಡ ಮೇಲೆ ಅಜ್ಜಿ ಮಾಡಿಸಿದ್ದು ಎಣ್ಣೆ, ಬಿಳಿ ಅಂಗಿ, ಮೇಣದಬತ್ತಿ ಇಷ್ಟೇ. ಫೋಟೋ ತೆಗೆದಿದ್ದಾರೆ ಅಂತ ಅದನ್ನೇ ಜ್ಞಾನಸ್ನಾನ ಅಂದುಕೊಂಡು ಬೆಳೆದೆ ನೀನು. ಆಸ್ಪತ್ರೆಯಲ್ಲಿ ಆದದ್ದನ್ನು ಆಸ್ಪತ್ರೆ ಯಾವ ಚರ್ಚಿಗೆ ಸೇರುತ್ತದೋ ಆ ಚರ್ಚಿನ ಪುಸ್ತಕದಲ್ಲಿ ಬರೆಯುತ್ತಾರೆ, ಮನೆಯವರ ಚರ್ಚಿನಲ್ಲಿ ಅಲ್ಲ. ವಿಚಾರಿಸುತ್ತೇನೆ. ನನ್ನ ಗಂಡ ಹೋದ ಮೇಲೆ ಮಾಂಸದಂಗಡಿಗೆ ನಾನೊಬ್ಬಳೇ, ಹಾಗಾಗಿ ವಾರಕ್ಕೊಮ್ಮೆ ಬಿಡುವು. ತಡವಾದರೆ ಇಲ್ಲಿ ಬಂದು ಕುರ್ಚಿ ಮುರಿಯಬೇಡ.

ಒಂದು ಮಾತು. ಮದುವೆಯಾದ ಮೇಲೆ ಅಪ್ಪ ನಿಮ್ಮ ಜೊತೆಗೇ ಇರುತ್ತಾನಾ?

ಅಕ್ಕ

ಜನವರಿ ೨೪

ಅಕ್ಕಾ,

ಇಷ್ಟು ವರ್ಷ ಈ ವಿಷಯ ಯಾರೂ ಬಾಯಿ ಬಿಡಲಿಲ್ಲವಲ್ಲ! ಅಪ್ಪನನ್ನು ಮತ್ತೆ ಕೇಳಿದೆ. ಈ ಸಲ ಹೇಳಿದರು. ಅಮ್ಮ ಮನೆಯ ಮೆಟ್ಟಿಲ ಮೇಲೆ ಜಾರಿ ಬಿದ್ದರಂತೆ, ಅದಕ್ಕೆ ನಾನು ತಿಂಗಳು ತುಂಬುವ ಮೊದಲೇ ಹುಟ್ಟಿದೆನಂತೆ, ಅಮ್ಮ ಉಳಿಯಲಿಲ್ಲವಂತೆ.

ಅಪ್ಪ ನಮ್ಮ ಜೊತೆ ಇರದೆ ಇನ್ನೆಲ್ಲಿಗೆ ಹೋಗುತ್ತಾರೆ? ನಿನಗೆ ಅವರ ಮೇಲೆ ಯಾಕೆ ಅಷ್ಟು ಕೋಪ ಅಂತ ನನಗೆ ಗೊತ್ತು. ನಿನ್ನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟರು, ನನ್ನನ್ನು ಮಾತ್ರ ಕರೆದುಕೊಂಡು ಹೋದರು. ಹೊಟ್ಟೆಗೆ ಹಾಕಿಕೋ ಅಕ್ಕಾ. ನನ್ನನ್ನೇನು ಮುದ್ದು ಮಾಡಿ ಸಾಕಲಿಲ್ಲ. ಬೆಲ್ಟ್ ತೆಗೆದರೆ ಬಕಲ್ ಇರುವ ಕಡೆಯಿಂದಲೇ. ಬೆನ್ನ ಮೇಲೆ ಈಗಲೂ ಗುರುತಿದೆ. ಆದರೆ ಆ ಏಟಿನಿಂದಲೇ ನಾನು ಮನುಷ್ಯನಾದದ್ದು.

ಅಂಗಡಿಯಲ್ಲೂ ನನ್ನದು ಅದೇ ಪಾಠ. ಗ್ರೈಂಡರ್ ಹಿಡಿಯುವವನು ನನಗಿಂತ ದೊಡ್ಡವನು, ಮೂರು ಮಕ್ಕಳ ತಂದೆ. ಹೋದ ವಾರ ಗೇಟಿನ ಪಟ್ಟಿಗಳನ್ನೆಲ್ಲ ಗಿಡ್ಡ ಕತ್ತರಿಸಿ ಕೂತಿದ್ದ. ಅದರಲ್ಲೇ ಒಂದು ಪಟ್ಟಿ ಎತ್ತಿಕೊಂಡು ಬೆನ್ನಿಗೆ ಬಾರಿಸಿದೆ. ಮಂಡಿಯೂರಿ ಬಿದ್ದ. ಈಗ ಎರಡೆರಡು ಸಲ ಅಳೆದು ಕತ್ತರಿಸುತ್ತಾನೆ. ಸೋಡಾಬುಡ್ಡಿ ಇದನ್ನು ನೋಡಿ ಮುಖ ಊದಿಸಿಕೊಂಡಿದ್ದಳು. ಹೂವು ತಗೊಂಡು ಹೋಗಿ ಕಿವಿ ಹಿಡಿದುಕೊಂಡೆ, ನಕ್ಕುಬಿಟ್ಟಳು.

ಬೇಗ ಹುಡುಕು.

ತಮ್ಮ

ಫೆಬ್ರವರಿ ೭

ತಮ್ಮಾ,

ಮೂರು ಸಲ ಓಡಾಡಿದೆ. ಆಸ್ಪತ್ರೆ ಕೈ ಬದಲಾಗಿದೆ. ಅದನ್ನು ನಡೆಸುತ್ತಿದ್ದ ಮಠದ ಸಿಸ್ಟರ್‌ಗಳು ಬಿಟ್ಟುಹೋಗಿ ಬಹಳ ವರ್ಷವಾಯಿತಂತೆ, ಪ್ರಾರ್ಥನೆಯ ಕೋಣೆಯಲ್ಲಿ ಈಗ ಎಕ್ಸ್‌ರೇ ತೆಗೆಯುತ್ತಾರೆ. ಆಸ್ಪತ್ರೆಯ ಪುಸ್ತಕಗಳು ಹಿಂದಿನ ಬೀದಿಯ ಚರ್ಚಿಗೆ ಹೋಗಿವೆ. ಅಲ್ಲಿನ ಪಾದ್ರಿ ವಯಸ್ಸಾದವರು, ಕಿವಿ ಮಂದ, ಮನಸ್ಸು ಒಳ್ಳೆಯದು. ಇಬ್ಬರೂ ಕೂತು ಹುಡುಕಿದೆವು.

ಆಸ್ಪತ್ರೆಯ ಮಕ್ಕಳಿಗೆ ಬೇರೆಯದೇ ಪುಸ್ತಕ. ಬಹಳಷ್ಟು ಕಡೆ ಹೆಸರೇ ಇಲ್ಲ. 'ಗಂಡು ಮಗು', 'ಹೆಣ್ಣು ಮಗು', ಆಮೇಲೆ ತಾಯಿಯ ಹೆಸರು, ಪಕ್ಕದಲ್ಲಿ ಒಂದು ಸಣ್ಣ ಶಿಲುಬೆ. ಶಿಲುಬೆ ಇದ್ದರೆ ಮಗು ಹೋಯಿತು ಅಂತ ಅರ್ಥ. ಅದಕ್ಕೆ ತಾಯಿಯ ಹೆಸರಿನಿಂದ ಹುಡುಕಬೇಕು, ಮಗುವಿನ ಹೆಸರಿನಿಂದ ಸಿಗುವುದಿಲ್ಲ. ಅಮ್ಮನ ಹೆಸರು ಎಲ್ಲೂ ಇಲ್ಲ. ಅವತ್ತು ಅಲ್ಲಿದ್ದ ಸಿಸ್ಟರ್ ಬರೆಸುವುದನ್ನು ಮರೆತರೇನೋ. ಅವರೂ ತೀರಿಹೋಗಿದ್ದಾರೆ.

ಕೈ ಕಾಲು ಬಿಡಬೇಡ, ದಾರಿ ಇದೆ. ದಾಖಲೆ ಸಿಗದಿದ್ದರೆ ಕಣ್ಣಾರೆ ನೋಡಿದ ಒಬ್ಬರು ಪ್ರಮಾಣ ಮಾಡಿ ಬರೆದುಕೊಟ್ಟರೆ ಸಾಕಂತೆ. ಪಾದ್ರಿ ಮೊಹರು ಹಾಕಿಕೊಡುತ್ತಾರೆ. ನೋಡಿದವಳು ನಾನು. ನೋಡಿದ್ದಷ್ಟೇ ಅಲ್ಲ, ನೀರು ಹಾಕಿದವಳೂ ನಾನೇ.

ನಗಬೇಡ. ಒಂಬತ್ತು ವರ್ಷ ನನಗೆ. ಭಾನುವಾರದ ತರಗತಿಯಲ್ಲಿ ಒಂದು ಬೊಂಬೆ ಇಟ್ಟುಕೊಂಡು ಕಲಿಸಿದ್ದರು. ಪ್ರಾಣ ಹೋಗುವಂತಿದ್ದರೆ ಯಾರು ಬೇಕಾದರೂ ನೀರು ಹಾಕಬಹುದು, ನೀರು ಹಣೆಯ ಮೇಲೆ ಹರಿಯಬೇಕು, ಮಾತು ತಪ್ಪಬಾರದು. ಸಿಸ್ಟರ್ ಅಮ್ಮನಿಗೆ ರಕ್ತ ತರಲು ಓಡಿದ್ದರು. ನಿನ್ನನ್ನು ಸ್ಟೀಲಿನ ತಟ್ಟೆಯಲ್ಲಿ ಮಲಗಿಸಿ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಬಟ್ಟೆ ಸ್ವಲ್ಪ ಅಲುಗಿದ ಹಾಗಾಯಿತು. ತೆಗೆದು ನೋಡಿದೆ. ತುಟಿ ನೀಲಿ. ಕೈ ತೊಳೆಯುವ ನಲ್ಲಿಯಿಂದ ಬೊಗಸೆಯಲ್ಲಿ ನೀರು ತಂದು ಹಾಕಿದೆ. ಹೆಸರು ಹೇಳಬೇಕಿತ್ತು, ಒಂದೂ ಹೊಳೆಯಲಿಲ್ಲ. 'ಪುಟ್ಟಾ, ಪಿತನ ಮತ್ತು ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ' ಅಂದೆ. ತಣ್ಣೀರು ಬಿದ್ದದ್ದೇ ತಡ, ನೀನು ಕಿಟಾರನೆ ಕಿರುಚಿದೆ. ಇವತ್ತಿಗೂ ನಿಲ್ಲಿಸಿಲ್ಲ.

ಪಾದ್ರಿ ಕೆಲವು ಪ್ರಶ್ನೆ ಬರೆದುಕೊಟ್ಟಿದ್ದಾರೆ. ಯಾವ ನೀರು, ಯಾವ ಮಾತು, ಪ್ರಾಣಾಪಾಯಕ್ಕೆ ಕಾರಣವೇನು. ಕೊನೆಯದಕ್ಕೆ ಉತ್ತರ ಬರೆಯಲು ಸ್ವಲ್ಪ ದಿನ ಬೇಕು.

ಅಕ್ಕ

ಫೆಬ್ರವರಿ ೧೬

ಅಕ್ಕಾ,

ಕಾಗದ ಓದಿ ಅಂಗಡಿಯ ಹಿಂದೆ ಹೋಗಿ ಅತ್ತೆ. ಯಾರಿಗೂ ಹೇಳಬೇಡ. ಸತ್ತುಹೋಗಿದ್ದವನಿಗೆ ನೀನು ಜೀವ ಕೊಟ್ಟೆ, ನಾನು ಮಾತ್ರ ನಿನ್ನನ್ನು ಹೊರಗಿನವಳ ಹಾಗೆ ನೋಡಿಕೊಂಡು ಬಂದೆ. ದೇವರ ಲೆಕ್ಕದಲ್ಲಿ ನನ್ನ ಹೆಸರು ಪುಟ್ಟ ಅಂತ ಸೋಡಾಬುಡ್ಡಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಮದುವೆಯಲ್ಲಿ ನೀನೇ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಬೇಕು. ಅಪ್ಪನ ಪಕ್ಕ ಕೂರುವುದು ಬೇಡ ಅಂದರೆ ಇನ್ನೊಂದು ಸಾಲಿನಲ್ಲಿ ಕೂರು. ಬರಲ್ಲ ಅನ್ನಬೇಡ.

ಆ ಕೊನೆಯ ಪ್ರಶ್ನೆಗೆ ಅಷ್ಟು ದಿನ ಯಾಕೆ? ಮೆಟ್ಟಿಲ ಮೇಲೆ ಜಾರಿ ಬಿದ್ದರು ಅಂತ ಒಂದು ಸಾಲು ಗೀಚಿ ಕಳಿಸು. ಚರ್ಚಿನಲ್ಲಿ ಮದುವೆಯ ಪ್ರಕಟಣೆ ಮೂರು ಭಾನುವಾರ ಓದಬೇಕು.

ಒಂದು ಸಣ್ಣ ಎಡವಟ್ಟಾಗಿದೆ. ಸೋಡಾಬುಡ್ಡಿ ಮೊನ್ನೆ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಜಾರಿಬಿಟ್ಟಳು. ಕನ್ನಡಕ ಪುಡಿಯಾಗಿ ಕೆನ್ನೆಗೆ ಹೊಲಿಗೆ ಬಿದ್ದಿದೆ. ಪುಣ್ಯಕ್ಕೆ ಕಣ್ಣಿಗೇನೂ ಆಗಿಲ್ಲ. ಫೋಟೋ ತೆಗೆಯುವಷ್ಟರಲ್ಲಿ ಗುರುತು ಮಾಯವಾಗುತ್ತದೆ ಅಂತ ಡಾಕ್ಟರು ಹೇಳಿದ್ದಾರೆ.

ನಿನ್ನ ಪುಟ್ಟ

ಫೆಬ್ರವರಿ ೨೨

ತಮ್ಮಾ,

ಯಾವ ಮೆಟ್ಟಿಲು?

ನಿನ್ನ ಮೊದಲ ಕಾಗದ ನನ್ನ ಮುಂದೆಯೇ ಇದೆ. ಲಾರಿ ನೇರ ಒಳಗೆ ಬರುತ್ತದೆ, ಒಂದು ಮೆಟ್ಟಿಲೂ ಇಟ್ಟಿಲ್ಲ ಅಂತ ಬರೆದಿದ್ದೀಯ.

ಅಕ್ಕ

ಮಾರ್ಚ್ ೧

ಏನು, ಪೊಲೀಸಿನವಳಾ ನೀನು? ನನ್ನ ಕಾಗದ ಇಟ್ಟುಕೊಂಡು ನನ್ನನ್ನೇ ಪಾಟೀ ಸವಾಲು ಮಾಡುತ್ತೀಯ?

ಹೌದು, ಹೊಡೆದೆ. ಒಂದೇ ಏಟು. ಗಿರಾಕಿಯ ಮುಂದೆ, "ಆ ಗ್ರೈಂಡರಿನವನಿಗೆ ಹೊಡೆದ ಹಾಗೆ ನನಗೂ ಹೊಡೀತೀರಾ? ನಿಮ್ಮಪ್ಪನ ಜೊತೆ ಒಂದೇ ಮನೇಲಿ ನಾನಿರಲ್ಲ" ಅಂದಳು. ಬಾಯಿ ಜಾಸ್ತಿ. ಕೈಯಲ್ಲಿ ಚರ್ಮದ ಗ್ಲೌಸ್ ಇತ್ತು, ಅದಕ್ಕೇ ಏಟು ಜೋರಾಗಿ ಬಿತ್ತು. ಹೋಗಿ ಕ್ಷಮೆ ಕೇಳಿದ್ದೇನೆ, ಹೊಸ ಕನ್ನಡಕಕ್ಕೆ ದುಡ್ಡು ಕೊಟ್ಟಿದ್ದೇನೆ, ಎಲ್ಲ ಸರಿಹೋಗಿದೆ. ಗಂಡ ಹೆಂಡಿರ ಮಧ್ಯೆ ಮೂಗು ತೂರಿಸಬೇಡ.

ಅಪ್ಪನನ್ನು ಅವನು ಇವನು ಅಂತ ಬರೆಯುತ್ತೀಯ. ಕುರಿ ಕೊಚ್ಚಿ ಕೊಚ್ಚಿ ನಿನ್ನ ಮನಸ್ಸೂ ಕಲ್ಲಾಗಿದೆ. ಇಷ್ಟು ವರ್ಷ ಅವರ ಮಲ ಮೂತ್ರ ಬಾಚಿದವನು ನಾನು. ನೀನಲ್ಲ! ಮೆಟ್ಟಿಲು ಅಂತ ಬರೆದು ಕಳಿಸು. ಬರೆಯದಿದ್ದರೆ ನಾನೇ ಬರುತ್ತೇನೆ. ಬಂದರೆ ನಿನ್ನ ಅಂಗಡಿಯಲ್ಲಿ ಒಂದು ಗಾಜೂ ಉಳಿಯುವುದಿಲ್ಲ.

ಮಾರ್ಚ್ ೯

ತಮ್ಮಾ,

ನೀನು ಕೇಳಿದ ಕಾರಣವನ್ನು ಪಾದ್ರಿಯ ಮುಂದೆ ಬೈಬಲಿನ ಮೇಲೆ ಕೈಯಿಟ್ಟು ಬರೆದುಕೊಟ್ಟೆ. ಅದನ್ನೇ ನಿನಗೂ ಬರೆಯುತ್ತೇನೆ, ನಿಂತುಕೊಂಡು ಓದಬೇಡ, ಕೂತು ಓದು.

ನಮ್ಮ ಆ ಮನೆಗೂ ಮೆಟ್ಟಿಲಿರಲಿಲ್ಲ. ಅಂಗಳದ ನೀರು ಒಳಗೆ ಬರುವಷ್ಟು ತಗ್ಗಿನ ಮನೆ ಅದು.

ಅಮ್ಮನಿಗೆ ಏಳು ತಿಂಗಳು. ಅಪ್ಪ ಕೆಲಸಕ್ಕೆ ಹೊರಟಿದ್ದ, ಶರ್ಟಿಗೆ ಒಂದು ಗುಂಡಿ ಇರಲಿಲ್ಲ. "ಬಗ್ಗಿ ಸೂಜಿ ಹುಡುಕೋಕೆ ಆಗ್ಲಿಲ್ಲ, ಇನ್ನೊಂದು ಹಾಕ್ಕೊಳ್ಳಿ" ಅಂದಳು ಅಮ್ಮ, ಇಷ್ಟೇ. ಜುಟ್ಟು ಹಿಡಿದು ಗೋಡೆಗೆ ಬಡಿದ. ಗೋಡೆಯ ಸುಣ್ಣ ಉದುರಿ ಅವಳ ಕಣ್ಣಿಗೆ ಬಿತ್ತು. ಕೆಳಗೆ ಕುಸಿದಳು. ಹೊಟ್ಟೆ ಮುಚ್ಚಿಕೊಂಡು ಮುದುಡಿಕೊಂಡಳು. ಅವನು ಅವಳ ಕೈ ಎಳೆದು ಸರಿಸಿ ಹೊಟ್ಟೆಗೇ ಒದ್ದ. ಬೂಟುಕಾಲಿನಲ್ಲಿ ಒದ್ದ. ನಾನು ಅವನ ಕಾಲು ತಬ್ಬಿಕೊಂಡೆ, ನನ್ನನ್ನೂ ಎಳೆದುಕೊಂಡೇ ಒದ್ದ. ಅಮ್ಮ ಕೂಗುವುದನ್ನು ನಿಲ್ಲಿಸಿದ ಮೇಲೂ ಒದ್ದ. ನೆಲದ ಮೇಲೆ ರಕ್ತ ನನ್ನ ಮಂಡಿಯವರೆಗೆ ಹರಿದು ಬಂತು, ಬಿಸಿಯಾಗಿತ್ತು. ಆಮೇಲೆ ಏನು ಮಾಡಿದ ಗೊತ್ತಾ? ಗಾಡಿ ಕರೆಯುವ ಮೊದಲು ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡ.

ಆಸ್ಪತ್ರೆಯಲ್ಲಿ "ಮೆಟ್ಟಿಲ ಮೇಲೆ ಜಾರಿದ್ಲು" ಅಂದ. ಡಾಕ್ಟರು ನಂಬಿದರು. ಅಜ್ಜಿಯೂ ನಂಬಿದಳು. ನನ್ನನ್ನು ಯಾರೂ ಕೇಳಲಿಲ್ಲ. ಇಷ್ಟು ವರ್ಷಗಳಲ್ಲಿ 'ಕಾರಣವೇನು' ಅಂತ ನನ್ನನ್ನು ಕೇಳಿದ ಮೊದಲನೆಯವರು ಈ ಕಿವಿ ಕೇಳದ ಪಾದ್ರಿ. ಅವರಿಗೆ ಕೇಳಿಸಲಿ ಅಂತ ನಾನು ಕೂಗಿ ಹೇಳಬೇಕಾಯಿತು. ಹೊರಗೆ ಹೂವು ಜೋಡಿಸುತ್ತಿದ್ದ ಹೆಂಗಸರಿಗೂ ಕೇಳಿಸಿರಬೇಕು. ಕೇಳಿಸಲಿ.

ಅಪ್ಪ ನನ್ನನ್ನು ಬಿಟ್ಟುಹೋದದ್ದಕ್ಕೆ ನನಗೆ ಕೋಪ ಅಂದುಕೊಂಡಿದ್ದೆ ನೀನು. ಅವನು ಬಿಟ್ಟುಹೋದ ದಿನ ನಾನು ಹೊಟ್ಟೆ ತುಂಬ ಉಂಡು ಮಲಗಿದೆ. ನಿನ್ನನ್ನು ಕರೆದುಕೊಂಡು ಹೋದದ್ದಕ್ಕೆ ಕೋಪ ನನಗೆ. ಹಣೆಗೆ ನೀರು ಹಾಕಿ ಎಬ್ಬಿಸಿದ ಮಗುವನ್ನು ಅವನ ಕೈಗೆ ಕೊಟ್ಟರಲ್ಲ ಅಂತ.

ನಾನು ದಿನವೂ ಕುರಿ ಕಡಿಯುವವಳು. ಹೌದು. ಮಚ್ಚು ಎಷ್ಟು ಎತ್ತಿದರೆ ಮೂಳೆ ಎಷ್ಟು ಮುರಿಯುತ್ತದೆ ಅನ್ನುವುದು ನನ್ನ ಕೈಗೆ ಗೊತ್ತು. ಅದಕ್ಕೇ ಇವತ್ತಿನವರೆಗೆ ಒಬ್ಬ ಮನುಷ್ಯನ ಮೇಲೂ ಕೈ ಎತ್ತಿಲ್ಲ. 'ಒಂದೇ ಏಟು' ಅಂತ ನನಗೆ ಹೇಳಬೇಡ.

ಪ್ರಮಾಣಪತ್ರ ಸಿದ್ಧವಿದೆ. ಯಾರ ಕೈಗೆ ಕೊಡಬೇಕೋ ಅವರ ಕೈಗೆ ಕೊಡುತ್ತೇನೆ.

ಅಕ್ಕ

ಮಾರ್ಚ್ ೧೮

ಅಕ್ಕಾ,

ಅವನನ್ನು ಕೇಳಿದೆ. ನಿನ್ನ ಕಾಗದವನ್ನು ಮುಖಕ್ಕೆ ಹಿಡಿದು ಓದಿದೆ. ಮೊದಲು ಸುಳ್ಳು ಅಂದ. ಆಮೇಲೆ ಅತ್ತ. ಆಮೇಲೆ, "ಅವಳಿಗೆ ಬಾಯಿ ಜಾಸ್ತಿ ಆಗಿತ್ತು ಕಣೋ" ಅಂದ.

ನನಗೆ ಕಣ್ಣು ಕತ್ತಲೆ ಬಂತು. ಮಂಚದಿಂದ ಎಳೆದು ಕೆಳಗೆ ಹಾಕಿದೆ. ಅವನ ಹಳೇ ಬೆಲ್ಟ್ ಬಾಗಿಲ ಹಿಂದೆಯೇ ತೂಗುತ್ತಿತ್ತು. ಬಕಲ್ ಕಡೆಯಿಂದಲೇ ಕೊಟ್ಟೆ. ಬಾಯಿ ಒಡೆದು ಹಲ್ಲು ಉದುರಿದವು. ಪಕ್ಕದ ಮನೆಯವರು ಬಾಗಿಲು ಬಡಿದರು, ನಾನು ತೆಗೆಯಲಿಲ್ಲ. ಅಮ್ಮನಿಗೆ ಅಂತ ಒಂದು, ನಿನಗೆ ಅಂತ ಒಂದು, ಹೇಳಿ ಹೇಳಿ ಹೊಡೆದೆ. ಈಗ ಮೂಲೆಯಲ್ಲಿ ಬಿದ್ದಿದ್ದಾನೆ, ಗಂಜಿಯೂ ಇಳಿಯುತ್ತಿಲ್ಲ.

ಈಗ ಸಮಾಧಾನ ಆಯಿತಾ? ಇಷ್ಟು ವರ್ಷ ಯಾರೂ ಮಾಡದ ಕೆಲಸ ನಾನು ಮಾಡಿದ್ದೇನೆ. ಇನ್ನು ನಮ್ಮಿಬ್ಬರ ಮಧ್ಯೆ ಏನೂ ಉಳಿದಿಲ್ಲ. ಭಾನುವಾರ ಪ್ರಕಟಣೆ ಶುರುವಾಗಬೇಕು. ಕಾಗದ ಕಳಿಸು ಅಕ್ಕಾ. ಕಾರಣ ಏನು ಬರೆದಿದ್ದರೂ ಸರಿ.

ಸೋಡಾಬುಡ್ಡಿ ನಾಲ್ಕು ದಿನದಿಂದ ಅಂಗಡಿಗೆ ಬಂದಿಲ್ಲ. ಎಲ್ಲಿಗೆ ಹೋಗಿದ್ದಾಳೆ ಅಂತ ಅವರ ಮನೆಯವರೂ ಹೇಳುತ್ತಿಲ್ಲ. ಹುಡುಕುತ್ತಿದ್ದೇನೆ.

ಪುಟ್ಟ

ಮಾರ್ಚ್ ೨೬

ಪುಟ್ಟಾ,

ಹುಡುಕಬೇಡ. ಅವಳು ನನ್ನ ಮನೆಯಲ್ಲಿದ್ದಳು. ಈಗ ಇಲ್ಲ. ಎಲ್ಲಿಗೆ ಹೋದಳು ಅಂತ ನಾನೂ ಹೇಳುವುದಿಲ್ಲ. ನೀನು ಬಂದು ಗಾಜು ಒಡೆದರೂ ಹೇಳುವುದಿಲ್ಲ.

ಪ್ರಮಾಣಪತ್ರವನ್ನು ನಾನು ನಿಮ್ಮ ಬೀದಿಯ ಕೊನೆಯ ಕನ್ನಡಕದ ಅಂಗಡಿಗೆ, ಅವಳ ಕೈಗೇ ಸೇರುವ ಹಾಗೆ ಕಳಿಸಿದ್ದೆ. ನಿನ್ನ ಮದುವೆಗೆ ಬೇಕಾದ ಕಾಗದ ಅವಳ ಕೈಯಲ್ಲಿರಲಿ, ಪಾದ್ರಿಗೆ ಕೊಡುವುದೋ ಬಿಡುವುದೋ ಅವಳೇ ನೋಡಲಿ ಅಂತ. ಅದನ್ನು ಹಿಡಿದುಕೊಂಡು ಬಸ್ಸು ಹತ್ತಿ ಬಂದುಬಿಟ್ಟಳು. ಅವಳ ಕನ್ನಡಕ ನೀನು ಹೇಳಿದಷ್ಟು ದಪ್ಪ ಗಾಜಿನದೇನಲ್ಲ. ಹೊಲಿಗೆ ಬಿಚ್ಚಿದ್ದಾರೆ, ಗುರುತು ಕಿವಿಯವರೆಗೂ ಇದೆ, ಮಾಯವಾಗುವುದಿಲ್ಲ. ನನ್ನ ಅಂಗಡಿಯ ತಕ್ಕಡಿ ವಾರೆಯಾಗಿದೆ ಅಂತ ಬಂದ ಗಳಿಗೆಯಲ್ಲೇ ಬೈದಳು. ಎಂಥ ಹುಡುಗಿಯನ್ನು ಕಳೆದುಕೊಂಡೆಯೋ!

ಊಟವಾದ ಮೇಲೆ ಒಂದೇ ಪ್ರಶ್ನೆ ಕೇಳಿದಳು. "ನಿಮ್ಮಮ್ಮನಿಗೆ ಅದೇ ಮೊದಲ ಏಟಾ?"

"ಅಲ್ಲ" ಅಂದೆ.

"ಮೊದಲನೇ ಸಲ ಹೊಡೆದಾಗ ಅವರು ಕ್ಷಮೆ ಕೇಳಿದ್ರಾ?"

"ಹೂವು ತಂದಿದ್ದ" ಅಂದೆ.

ಆಮೇಲೆ ಕಾಗದವನ್ನು ಮಡಿಚಿ ನನ್ನ ಕೈಗೆ ಕೊಟ್ಟಳು. "ಇದು ನನಗೆ ಬೇಡ ಅಕ್ಕಾ. ಅವರಿಗೇ ಕಳಿಸಿಬಿಡಿ. ಮುಂದೆ ಯಾವಳನ್ನಾದ್ರೂ ಮಾಡ್ಕೊಳ್ಳೋವಾಗ ಬೇಕಾಗತ್ತೆ" ಅಂದಳು.

ಆಮೇಲೆ ನಿನ್ನ ಕಾಗದ ಬಂತು. ಬೆಲ್ಟಿನ ವಿಷಯ ಓದಿ ನನಗೆ ಸಮಾಧಾನವಾಗುತ್ತದೆ ಅಂದುಕೊಂಡೆಯಲ್ಲ. ನನಗೆ ಆದದ್ದು ಹೆದರಿಕೆ. ನೆಲದ ಮೇಲೆ ಬಿದ್ದವರನ್ನು ಹೊಡೆದೆ, ಬಾಗಿಲು ಹಾಕಿಕೊಂಡು ಹೊಡೆದೆ. ಓದುತ್ತ ಓದುತ್ತ ನನ್ನ ಮಂಡಿ ಬಿಸಿಯಾಯಿತು. ನನ್ನ ಹೆಸರು ಹೇಳಿಕೊಂಡು ಇನ್ನು ಯಾರ ಮೇಲೂ ಕೈ ಎತ್ತಬೇಡ.

ನೀನು ಬೇಡಿದ ಕಾಗದ ಈ ಲಕೋಟೆಯಲ್ಲೇ ಇದೆ. ಮೊಹರು ಇದೆ, ಸಹಿ ಇದೆ, ಯಾವ ಚರ್ಚಿನಲ್ಲಿ ಕೊಟ್ಟರೂ ನಡೆಯುತ್ತದೆ. ಕಾರಣ ಅದರಲ್ಲೇ ಇರುವುದರಿಂದ ತೆಗೆದುಕೊಂಡವರು ಓದುತ್ತಾರೆ. ಮದುವೆಯಾಗುವವಳಿಗೆ ನೀನೇ ಮೊದಲು ಓದಿ ಹೇಳು. ಹೇಳುವ ಧೈರ್ಯ ಬಂದ ದಿನ ನನಗೂ ಬರೆ, ಬರುತ್ತೇನೆ.

ನೀನು ಬದುಕಲಿ ಅಂತ ನೀರು ಹಾಕಿದೆ. ಅದನ್ನು ವಾಪಸು ತೆಗೆದುಕೊಳ್ಳಲು ಆಗುವುದಿಲ್ಲ. ಇನ್ನೊಂದು ಸಲ ಹಾಕೋಣ ಅಂದರೆ ಅದಕ್ಕೂ ಅವಕಾಶವಿಲ್ಲ. ಆ ಕೆಲಸ ಇನ್ನು ನಿನ್ನದೇ.

ಮೊದಲು ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು. ಏನಾಯಿತು ಅಂತ ಡಾಕ್ಟರು ಕೇಳುತ್ತಾರೆ. ಮೆಟ್ಟಿಲು ಅನ್ನಬೇಡ.

ಅಕ್ಕ